ತರಬೇತುದಾರನ ಅಪರಾಧವೂ ಹುಡುಗಿಯ ಆಟವೂ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡುವುದು ವಾಡಿಕೆ. ಪರೀಕ್ಷೆಯ ಫಲಿತಾಂಶ, ಹೊಸ ಕೊಠಡಿ, ಬಹುಮಾನಗಳ ಪಟ್ಟಿ, ದಾನಿಗಳಿಗೆ ವಂದನೆ, ಇವುಗಳನ್ನು ಕುರಿತು ಬರೆಯುವುದು ಸುಲಭ, ಓದುವವರಿಗೂ ಸಂತೋಷ. ಈ ಸಾರಿ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಇದು ಸಮಾರಂಭದ ದಿನಕ್ಕೆ ಒಪ್ಪುವ ಮಾತಲ್ಲವೆಂಬುದನ್ನು ಬಲ್ಲೆವು. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಒಟ್ಟಿಗೆ ಓದುವ ಪುಸ್ತಕ ಇದೊಂದೇ ಆದುದರಿಂದ, ಇಲ್ಲಿ ಹೇಳದೆ ಮತ್ತೆಲ್ಲಿ ಹೇಳೋಣ? ಆಟ ಕಲಿಸುವವನ ಕೈಯಲ್ಲಿ ದೌರ್ಜನ್ಯಕ್ಕೆ ಸಿಕ್ಕಿದ ಹುಡುಗಿಯು ಮರಳಿ ಚೇತರಿಸಿಕೊಳ್ಳುವುದು ಹೇಗೆ, ಅದರಲ್ಲಿ ತಾಯಿತಂದೆಗಳೂ ಶಾಲೆಯವರೂ ಮಾಡತಕ್ಕದ್ದೇನು ಎಂಬುದೇ ಆ ವಿಷಯ.

ಮೊದಲು ನಮ್ಮ ಹುಡುಗಿಯರ ವಿಚಾರ. ಕ್ಯಾಲನೂರು ಮತ್ತು ಅದರ ಸುತ್ತಣ ಹಳ್ಳಿಗಳಿಂದಲೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಗಳಿಂದಲೂ ಬರುವ ಮಕ್ಕಳು ಇವರು. ಬೆಳಗಿನ ಜಾವದಲ್ಲಿ ಎದ್ದು ಹಸುವಿನ ಹಾಲನ್ನು ಡೈರಿಗೆ ಹಾಕಿ, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು ತಂದು, ಆಮೇಲೆ ಬಸ್ಸು ಹಿಡಿದು ಶಾಲೆಗೆ ಬರುವವರು ಅವರಲ್ಲಿ ಎಷ್ಟೋ ಮಂದಿ. ಟೊಮೆಟೊ ಕೀಳುವ ಕಾಲದಲ್ಲಿ ಅವರ ಬೆರಳುಗಳ ಹಸಿರು ಕಲೆಯು ವಾರಗಟ್ಟಲೆ ಹೋಗುವುದಿಲ್ಲ. ಮನೆಯಲ್ಲಿಯೂ ಹೊಲದಲ್ಲಿಯೂ ಅವರ ಮೈಯ ಬಲವೆಲ್ಲ ಸಂಸಾರದ ಕೆಲಸಕ್ಕೆ ಸಲ್ಲುತ್ತದೆ. ಶಾಲೆಯ ಬಯಲಿನಲ್ಲಿ ಕಬಡ್ಡಿ, ಖೋ ಖೋ, ಥ್ರೋಬಾಲ್, ಓಟ ಎಂದು ಕಳೆಯುವ ಆ ಒಂದು ಗಂಟೆಯ ಹೊತ್ತು ಮಾತ್ರ ಅದು ಅವರ ಸಂತೋಷಕ್ಕೆಂದೇ ಇರುತ್ತದೆ.

ಸಂತೋಷವಷ್ಟೇ ಅಲ್ಲ, ಆಟವು ಅವರಿಗೆ ಒಂದು ಏಣಿಯೂ ಹೌದು. ಹೋಬಳಿಯಲ್ಲಿ ಗೆದ್ದವಳು ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ ಹೋಗುತ್ತಾಳೆ. ಮುಂದೆ ಕ್ರೀಡಾ ವಸತಿನಿಲಯದಲ್ಲಿ ಸ್ಥಳ, ಕಾಲೇಜಿನಲ್ಲಿ ಪ್ರವೇಶ, ಅದೃಷ್ಟವಿದ್ದರೆ ರೈಲ್ವೆಯಲ್ಲಿಯೋ ಪೊಲೀಸಿನಲ್ಲಿಯೋ ಒಂದು ಕೆಲಸ. ಆದರೆ ಈ ಏಣಿಯ ಒಂದೊಂದು ಮೆಟ್ಟಿಲಿನ ಬಳಿಯಲ್ಲಿಯೂ ಒಬ್ಬನು ನಿಂತಿರುತ್ತಾನೆ. ಆತನು ಆರಿಸಿದರೆ ಉಂಟು, ಬಿಟ್ಟರೆ ಇಲ್ಲ. ಆತನು ಸಜ್ಜನನಾದರೆ ಹುಡುಗಿಯ ಬಾಳು ಬೆಳಗುತ್ತದೆ. ಅಂಥವರನ್ನು ನಮ್ಮ ಜಿಲ್ಲೆಯಲ್ಲಿಯೇ ನಾವು ಹಲವರನ್ನು ಕಂಡಿದ್ದೇವೆ, ಅವರಿಗೆ ಕೃತಜ್ಞರೂ ಆಗಿದ್ದೇವೆ. ಆತನು ದುರ್ಜನನಾದರೆ ಆಗುವುದೇನೆಂಬುದನ್ನು ಹೇಳುವ ಮುಂಚೆ ನಮ್ಮ ಸ್ವಂತ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಾವು ಆಗ ತರಬೇತಿ ಮುಗಿಸಿ ಹೊಸದಾಗಿ ಉಪಾಧ್ಯಾಯಿನಿಯಾಗಿ ಸೇರಿದ್ದೆವು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಓಟದಲ್ಲಿ ಅವಳನ್ನು ಹಿಂದಿಕ್ಕುವವರು ಇರಲಿಲ್ಲ. ಬೇಸಿಗೆಯಲ್ಲಿ ಬೇರೊಂದು ಊರಿನ ತರಬೇತಿ ಶಿಬಿರಕ್ಕೆ ಅವಳನ್ನು ಕಳುಹಿಸಿದರು. ಶಾಲೆಯ ಪರವಾಗಿ ಬಸ್ಸಿಗೆ ಹತ್ತಿಸಿದವರು ನಾವೇ. ಜೂನ್ ತಿಂಗಳಲ್ಲಿ ಹಿಂದಿರುಗಿದವಳು ತನ್ನ ಓಟದ ಬೂಟುಗಳನ್ನು ಕಾಗದದಲ್ಲಿ ಸುತ್ತಿ ತಂದು ನಮ್ಮ ಮೇಜಿನ ಮೇಲಿಟ್ಟು, "ಕಾಲು ನೋವು ಮಿಸ್, ಇನ್ನು ಓಡೋದಿಲ್ಲ" ಎಂದಳು. ಕಾಲು ನೋಯುವವಳು ಕುಂಟಬೇಕಷ್ಟೆ, ಅವಳು ಕುಂಟುತ್ತಿರಲಿಲ್ಲ. ಅದನ್ನು ನಾವು ಕಂಡೆವು, ಆದರೆ ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಈ ವಯಸ್ಸಿನಲ್ಲಿ ಆಟದ ಆಸಕ್ತಿ ತಗ್ಗುವುದು ಸಹಜವೆಂದುಕೊಂಡೆವು. ಪಟ್ಟಿಯಲ್ಲಿ ಅವಳ ಹೆಸರನ್ನು ಹೊಡೆದುಹಾಕಿದೆವು. ಆ ವರ್ಷ ಅವಳು ಅಂಕಗಳಲ್ಲಿಯೂ ಹಿಂದೆ ಬಿದ್ದಳು, ಎಸ್.ಎಸ್.ಎಲ್.ಸಿ. ಮುಗಿಸಿದೊಡನೆ ಅವಳಿಗೆ ಮದುವೆ ಮಾಡಿದರು.

ಕೆಲವು ವರ್ಷಗಳ ಹಿಂದೆ ಅವಳು ತನ್ನ ಮಗಳನ್ನು ಸೇರಿಸುವುದಕ್ಕೆಂದು ನಮ್ಮಲ್ಲಿಗೆ ಬಂದಳು. ಅರ್ಜಿಯ ಕೆಲಸವೆಲ್ಲ ಮುಗಿದ ಮೇಲೆ, "ಇವಳೂ ಓಡ್ತಾಳೆ ಮಿಸ್. ಓಟಕ್ಕೆ ಸೇರಿಸಿಕೊಳ್ಳಿ. ಆದರೆ ಕ್ಯಾಂಪಿಗೆ ಒಬ್ಬಳನ್ನೇ ಮಾತ್ರ ಕಳಿಸಬೇಡಿ" ಎಂದಳು. ಮಿಕ್ಕದ್ದನ್ನು ಬಾಗಿಲು ಮುಚ್ಚಿಕೊಂಡು ಹೇಳಿದಳು. ಅದನ್ನು ಇಲ್ಲಿ ಬರೆಯುವ ಹಕ್ಕು ನಮಗಿಲ್ಲ. ಇಷ್ಟನ್ನು ಬರೆಯುವುದಕ್ಕೂ ಅವಳ ಅಪ್ಪಣೆಯನ್ನು ಪಡೆದಿದ್ದೇವೆ. "ಆಗಲೇ ಏಕಮ್ಮ ಹೇಳಲಿಲ್ಲ?" ಎಂದು ನಾವು ಕೇಳಿದೆವು. ಕೇಳಬಾರದಾಗಿತ್ತು. ಆದರೂ ಅವಳು ಉತ್ತರ ಕೊಟ್ಟಳು: "ಹೇಳಿದ್ದರೆ ಅಪ್ಪ ಆಟ ಬಿಡಿಸಿಬಿಡೋರು ಮಿಸ್. ಹೇಗಿದ್ದರೂ ಬಿಡಬೇಕಿತ್ತಲ್ಲ, ನಾನೇ ಬಿಟ್ಟೆ."

ಈ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ತಪ್ಪು ಮಾಡಿದವನು ಒಬ್ಬ. ಆದರೆ ಅವಳು ಬಾಯಿ ಮುಚ್ಚಿಕೊಂಡದ್ದು ಅವನ ಭಯದಿಂದಲ್ಲ, ನಮ್ಮಂಥ ಹಿತೈಷಿಗಳ ಭಯದಿಂದ. ಸತ್ಯವನ್ನು ಹೇಳಿದರೆ ದಂಡ ತೆರಬೇಕಾದವಳು ತಾನೇ ಎಂಬುದನ್ನು ಹದಿನೈದು ವರ್ಷದ ಆ ಮಗು ಲೆಕ್ಕ ಹಾಕಿಕೊಂಡಿತ್ತು. ಆ ಲೆಕ್ಕದಲ್ಲಿ ತಪ್ಪಿರಲಿಲ್ಲವೆಂಬುದೇ ನಮಗೆ ನಾಚಿಕೆಯ ಸಂಗತಿ.

ಇದು ಹಳೆಯ ಕಾಲದ ಕಥೆಯಲ್ಲ. 2025ರ ಏಪ್ರಿಲ್ ತಿಂಗಳಲ್ಲಿ ನಮಗೆ ಸಮೀಪದ ಬೆಂಗಳೂರಿನಲ್ಲಿಯೇ ಬ್ಯಾಡ್ಮಿಂಟನ್ ತರಬೇತುದಾರನೊಬ್ಬನನ್ನು, ತನ್ನಲ್ಲಿ ಆಟ ಕಲಿಯಲು ಬರುತ್ತಿದ್ದ ಬಾಲಕಿಯ ಮೇಲೆ ದೌರ್ಜನ್ಯವೆಸಗಿದನೆಂಬ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ಅದು ಬೆಳಕಿಗೆ ಬಂದ ಬಗೆಯನ್ನು ತಾಯಂದಿರು ಗಮನಿಸಬೇಕು. ರಜೆಗೆಂದು ಹುಡುಗಿಯು ಅಜ್ಜಿಯ ಮನೆಗೆ ಹೋಗಿದ್ದಾಗ, ಆ ಅಜ್ಜಿಯು ತನ್ನ ಫೋನಿನಲ್ಲಿ ಸಲ್ಲದ್ದೊಂದನ್ನು ಕಂಡು, ಮುಚ್ಚಿಡದೆ ಮಗುವಿನ ತಾಯಿತಂದೆಗಳಿಗೆ ತಿಳಿಸಿದಳು. ಅದೇ ವರ್ಷದ ಜನವರಿಯಲ್ಲಿ ಕೇರಳದ ಪತ್ತನಂತಿಟ್ಟ ಜಿಲ್ಲೆಯಲ್ಲಿ 18 ವರ್ಷದ ಕ್ರೀಡಾಪಟುವೊಬ್ಬಳು, ತನ್ನ 13ನೆಯ ವಯಸ್ಸಿನಿಂದ ಅನುಭವಿಸಿದ್ದನ್ನು ಮಹಿಳಾ ಕಾರ್ಯಕರ್ತೆಯರ ಮುಂದೆ ಮೊದಲ ಬಾರಿಗೆ ಹೇಳಿಕೊಂಡಳು. ಐವತ್ತಕ್ಕೂ ಹೆಚ್ಚು ಮಂದಿಯ ಮೇಲೆ ಆರೋಪ ಬಂದಿತು. ಅವರಲ್ಲಿ ಆಟ ಕಲಿಸುತ್ತಿದ್ದವರೂ ಇದ್ದರು. ಐದು ವರ್ಷಗಳ ಕಾಲ ಅವಳನ್ನು ಕುಳ್ಳಿರಿಸಿಕೊಂಡು ಕೇಳಿದವರು ಯಾರೂ ಇರಲಿಲ್ಲ. ಕೇಳಿದ ದಿನ ಅವಳು ಹೇಳಿದಳು.

ಇಂಥದು ನಡೆಯುವುದು ಹೇಗೆ? ಕತ್ತಲಲ್ಲಿ ಬಂದು ಎರಗುವ ಅಪರಿಚಿತನನ್ನು ಕುರಿತು ನಾವು ಹೆಣ್ಣುಮಕ್ಕಳನ್ನು ಎಚ್ಚರಿಸುತ್ತೇವೆ. ತರಬೇತುದಾರನು ಅಪರಿಚಿತನಲ್ಲ, ಮನೆಗೆ ಬಂದು ಕಾಫಿ ಕುಡಿದು ಹೋಗುವವನು. ದುರುದ್ದೇಶವಿರುವವನು ಮೊದಲು ತಾಯಿತಂದೆಗಳ ನಂಬಿಕೆಯನ್ನೇ ಗಳಿಸುತ್ತಾನೆ. "ನಿಮ್ಮ ಮಗಳಲ್ಲಿ ವಿಶೇಷ ಶಕ್ತಿಯಿದೆ" ಎನ್ನುತ್ತಾನೆ. ಹುಡುಗಿಗೆ ಬೂಟು, ಬಟ್ಟೆ, ತಿಂಡಿ ಕೊಡಿಸುತ್ತಾನೆ. ಇತರರಿಗಿಲ್ಲದ ಹೆಚ್ಚಿನ ಅಭ್ಯಾಸವನ್ನು, ಇತರರಿಲ್ಲದ ಹೊತ್ತಿನಲ್ಲಿ ಗೊತ್ತುಮಾಡುತ್ತಾನೆ. ರಾತ್ರಿ ಫೋನಿನಲ್ಲಿ ಸಂದೇಶಗಳು ಬರತೊಡಗುತ್ತವೆ. "ಇದು ನಮ್ಮಿಬ್ಬರ ಗುಟ್ಟು" ಎಂಬ ಮಾತು ಬರುತ್ತದೆ. ಕೈಕಾಲುಗಳ ನಿಲುವನ್ನು ತಿದ್ದುವುದಕ್ಕೆ ಮೈ ಮುಟ್ಟಬೇಕಾಗುವುದು ಆಟದಲ್ಲಿ ಉಂಟಷ್ಟೆ. ತಿದ್ದುವ ಕೈ ಎಲ್ಲಿ ಮುಗಿಯಿತು, ಕೆಟ್ಟ ಕೈ ಎಲ್ಲಿ ಮೊದಲಾಯಿತು ಎಂಬುದು ಮಗುವಿಗೆ ತಿಳಿಯದಂತೆ ಆತನು ಮೆಲ್ಲಮೆಲ್ಲನೆ ಮುಂದೆ ಹೋಗುತ್ತಾನೆ. ತಿಳಿಯುವ ಹೊತ್ತಿಗೆ, "ನಾನೂ ಸುಮ್ಮನಿದ್ದೆನಲ್ಲ" ಎಂಬ ಪಾಪಭಾವನೆ ಅವಳನ್ನು ಕಟ್ಟಿಹಾಕಿರುತ್ತದೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರನು ಚಿಕಿತ್ಸೆಯೆಂಬ ನೆಪದಿಂದ ವರ್ಷಾನುಗಟ್ಟಲೆ ಮಾಡಿದ್ದೂ ಇದೇ ಬಗೆಯ ವಂಚನೆ. 2018ರ ಜನವರಿಯಲ್ಲಿ ಮಿಷಿಗನ್ನಿನ ನ್ಯಾಯಾಲಯವೊಂದರಲ್ಲಿ 150ಕ್ಕೂ ಹೆಚ್ಚು ಮಂದಿ ಹೆಂಗಸರು ಆತನ ವಿಷಯವಾಗಿ ಹೇಳಿಕೆ ಕೊಟ್ಟರು. ಅವರಲ್ಲಿ ಕೆಲವರು ಮುಂಚೆಯೇ ಹಿರಿಯರಿಗೆ ಹೇಳಿದ್ದರು. ಹಿರಿಯರು ವೈದ್ಯನನ್ನು ನಂಬಿದ್ದರು.

ಹಿರಿಯರು ನಂಬಿದರೆ ಆಗುವುದೇನು, ನಂಬದಿದ್ದರೆ ಆಗುವುದೇನು ಎಂಬುದಕ್ಕೆ ಇಬ್ಬರು ಹುಡುಗಿಯರ ಚರಿತ್ರೆಯನ್ನು ಒತ್ತಟ್ಟಿಗಿಟ್ಟು ನೋಡೋಣ.

ಒಬ್ಬಳು ನಮ್ಮ ದೇಶದವಳೇ. ಹರಿಯಾಣದ ಪಂಚಕುಲದ ರುಚಿಕಾ ಗಿರ್‌ಹೋತ್ರಾ 14 ವರ್ಷದ ಟೆನಿಸ್ ಆಟಗಾರ್ತಿ. ಅವಳಿಗೆ ವಿಶೇಷ ತರಬೇತಿಯ ಏರ್ಪಾಡು ಮಾಡಿಸುವೆನೆಂದು ತಂದೆಗೆ ಹೇಳಿದವನು ಆ ರಾಜ್ಯದ ಟೆನಿಸ್ ಸಂಘದ ಅಧ್ಯಕ್ಷ, ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿ ಎಸ್.ಪಿ.ಎಸ್. ರಾಠೋಡ್. 1990ರ ಆಗಸ್ಟ್ 12ರಂದು ಸಂಘದ ಕಚೇರಿಯಲ್ಲಿ ಆತನು ಅವಳ ಮೇಲೆ ಕೈಮಾಡಿದನು. ಜೊತೆಗಿದ್ದ ಗೆಳತಿಯು ಕಣ್ಣಾರೆ ಕಂಡಳು. ಮಕ್ಕಳಿಬ್ಬರೂ ಬಾಯಿಬಿಟ್ಟು ಹೇಳಿದರು. ಮನೆಯ ಹಿರಿಯರು ದೂರು ಕೊಟ್ಟರು. ಪೊಲೀಸ್ ಇಲಾಖೆಯ ಮುಖ್ಯಸ್ಥರೇ ವಿಚಾರಣೆ ನಡೆಸಿ, ಮೊಕದ್ದಮೆ ಹೂಡಬೇಕೆಂದು ಸೂಚಿಸಿದರು. ಆದರೂ ಮೊಕದ್ದಮೆ ದಾಖಲಾದದ್ದು 1999ರಲ್ಲಿ. ಈ ನಡುವೆ ಅವಳ ಸಹೋದರನ ಮೇಲೆ ಕಳ್ಳತನದ ಮೊಕದ್ದಮೆಗಳು ಒಂದರ ಮೇಲೊಂದು ಬಿದ್ದವು. ಚಿಕ್ಕಂದಿನಿಂದ ಓದುತ್ತಿದ್ದ ಶಾಲೆಯು ಶುಲ್ಕ ಬಾಕಿಯೆಂಬ ಕಾರಣ ಹೇಳಿ ಅವಳ ಹೆಸರನ್ನು ತೆಗೆದುಹಾಕಿತು. ಅದೂ ನಮ್ಮದರಂತೆ ಹೆಣ್ಣುಮಕ್ಕಳ ಶಾಲೆ. ಆ ಭಾಗವನ್ನು ಓದುವಾಗಲೆಲ್ಲ ನಮ್ಮ ತಲೆ ತಗ್ಗುತ್ತದೆ. 1993ರ ಡಿಸೆಂಬರಿನಲ್ಲಿ ಆ ಹುಡುಗಿ ತನ್ನ ಜೀವವನ್ನೇ ಕಳೆದುಕೊಂಡಳು. ಗೆಳತಿಯೂ ಗೆಳತಿಯ ತಾಯಿತಂದೆಗಳೂ ಕೈಬಿಡದೆ ಹೋರಾಡಿದ್ದರಿಂದ 2009ರ ಡಿಸೆಂಬರಿನಲ್ಲಿ ಆ ಅಧಿಕಾರಿಗೆ ಶಿಕ್ಷೆಯಾಯಿತು. ಮೊದಲು ವಿಧಿಸಿದ್ದು 6 ತಿಂಗಳು. 2010ರಲ್ಲಿ ಅದನ್ನು 18 ತಿಂಗಳಿಗೆ ಏರಿಸಿದರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪರಾಧವನ್ನು ಎತ್ತಿಹಿಡಿಯಿತಾದರೂ ಆತನು ಅನುಭವಿಸಿದ್ದಷ್ಟೇ ಸಾಕೆಂದು ತೀರ್ಮಾನಿಸಿತು.

ಇನ್ನೊಬ್ಬಳು ಅಮೆರಿಕದ ಓಹಾಯೋ ಸಂಸ್ಥಾನದ ಕೇಲಾ ಹ್ಯಾರಿಸನ್. ಆರನೆಯ ವಯಸ್ಸಿನಲ್ಲಿ ಜೂಡೋ ಕಲಿಯಲು ತೊಡಗಿದವಳು. ಅವಳ ತರಬೇತುದಾರನು ಮನೆಯವರಿಗೆಲ್ಲ ಬೇಕಾದವನಾಗಿದ್ದನು. ಆತನು ಅವಳನ್ನು ಬಾಲ್ಯದಲ್ಲಿಯೇ ಕೆಡಿಸಿ ವರ್ಷಗಳ ಕಾಲ ಬಾಧಿಸಿದನು. 16ನೆಯ ವಯಸ್ಸಿನಲ್ಲಿ ಅವಳು ಇದನ್ನು ತನ್ನ ಜೊತೆಯ ಆಟಗಾರನಾದ ಸ್ನೇಹಿತನಿಗೆ ಹೇಳಿದಳು. ಆತನು ಅವಳ ತಾಯಿಗೆ ಹೇಳಿದನು. ತಾಯಿಯು ಮಗಳನ್ನು ಅಡ್ಡಪ್ರಶ್ನೆಗಳಿಂದ ನೋಯಿಸಲಿಲ್ಲ. ನಂಬಿದಳು, ಪೊಲೀಸರ ಬಳಿಗೆ ಹೋದಳು. 2007ರಲ್ಲಿ ಆ ತರಬೇತುದಾರನು ತಪ್ಪನ್ನು ಒಪ್ಪಿಕೊಂಡು 10 ವರ್ಷಗಳ ಸೆರೆವಾಸಕ್ಕೆ ಗುರಿಯಾದನು. ಆ ತಾಯಿಯು ಮಾಡಿದ ಮತ್ತೊಂದು ಕೆಲಸವೇ ನಮ್ಮ ಮಾತಿಗೆ ಮುಖ್ಯವಾದದ್ದು. ಮಗಳ ಜೂಡೋವನ್ನು ಬಿಡಿಸಲಿಲ್ಲ. ದೂರದ ಬಾಸ್ಟನ್ ಕಡೆಯಲ್ಲಿದ್ದ ಜಿಮ್ಮಿ ಪೆಡ್ರೊ ಮತ್ತು ಆತನ ತಂದೆ, ಈ ಇಬ್ಬರು ಶಿಕ್ಷಕರ ಬಳಿಗೆ ಅವಳನ್ನು ಕಳುಹಿಸಿದಳು.

ಅಲ್ಲಿಗೆ ಹೋದೊಡನೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಆಟವೂ ಬೇಡ, ಬದುಕೂ ಬೇಡ ಎನ್ನಿಸಿದ ದಿನಗಳಿದ್ದವೆಂದು ಅವಳೇ ಹೇಳಿಕೊಂಡಿದ್ದಾಳೆ. ಹೊಸ ಶಿಕ್ಷಕರು ಅವಳನ್ನು ಕೆಟ್ಟುಹೋದ ಹುಡುಗಿಯೆಂದು ಕಾಣದೆ ಆಟಗಾರ್ತಿಯೆಂದೇ ಕಂಡರು. 2011ರಲ್ಲಿ ಅವಳು ತನ್ನ ಹೆಸರಿನಿಂದಲೇ ನಡೆದದ್ದನ್ನು ಲೋಕಕ್ಕೆ ತಿಳಿಸಿದಳು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಗೆದ್ದಳು. ಜೂಡೋದಲ್ಲಿ ಅಮೆರಿಕಕ್ಕೆ ಅದೇ ಮೊದಲನೆಯ ಚಿನ್ನ. 2016ರಲ್ಲಿ ರಿಯೋದಲ್ಲಿ ಎರಡನೆಯದು. 2018ರಲ್ಲಿ, ಇಂಥ ದೌರ್ಜನ್ಯವನ್ನು ಗುರುತಿಸುವುದು ಹೇಗೆ, ಮಕ್ಕಳು ಚೇತರಿಸಿಕೊಳ್ಳುವುದಕ್ಕೆ ನೆರವಾಗುವುದು ಹೇಗೆ ಎಂಬುದನ್ನು ಕುರಿತು ಇಬ್ಬರು ಮನಸ್ಸಿನ ತಜ್ಞರೊಡನೆ ಸೇರಿ ಪುಸ್ತಕ ಬರೆದಳು.

ಇಬ್ಬರೂ ಹೇಳಿದರು, ಇಬ್ಬರಿಗೂ ಧೈರ್ಯವಿತ್ತು. ರುಚಿಕಾಳ ತಂದೆಯೂ ಗೆಳತಿಯ ಮನೆಯವರೂ ಅವಳನ್ನು ನಂಬಿದರು; ಆದರೆ ಪೊಲೀಸು, ಶಾಲೆ, ಸಂಘ, ಇವೆಲ್ಲವೂ ಅವಳ ಎದುರಿಗೆ ನಿಂತವು. ಕೇಲಾಳ ಸುತ್ತಲಿದ್ದವರು ಅವಳ ಜೊತೆಯಲ್ಲಿ ನಿಂತರು. ಗಾಯಗೊಂಡ ಮಗುವಿನ ಮುಂದಿನ ಬಾಳು ಅದರ ಮನೋಬಲವೊಂದರಿಂದಲೇ ಗೊತ್ತಾಗುವುದಿಲ್ಲ. ದೊಡ್ಡವರ ನಡತೆಯಿಂದ ಗೊತ್ತಾಗುತ್ತದೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ: ತರಬೇತುದಾರನು ಅಪರಾಧ ಮಾಡಿದರೆ ಬಯಲನ್ನು ಬಿಟ್ಟು ಹೋಗಬೇಕಾದವನು ಆತನು, ಹುಡುಗಿಯಲ್ಲ. ಅವಳ ಆಟವನ್ನು ಬಿಡಿಸುವುದು ರಕ್ಷಣೆಯೆಂದು ತಾಯಿತಂದೆಗಳು ತಿಳಿಯುತ್ತಾರೆ. ಅವಳಿಗೆ ಅದು ಎರಡನೆಯ ಶಿಕ್ಷೆ. ಅವಳ ತಂಗಿಯರಿಗೂ ಗೆಳತಿಯರಿಗೂ ಅದು ಪಾಠವಾಗುತ್ತದೆ. "ಹೇಳಿದವಳ ಗತಿ ಏನಾಯಿತು ನೋಡಿದಿರಾ?" ಎಂದು ಅವರು ತಮ್ಮತಮ್ಮೊಳಗೆ ಆಡಿಕೊಳ್ಳುತ್ತಾರೆ. ಆಮೇಲೆ ಯಾರೂ ಹೇಳುವುದಿಲ್ಲ.

ಪೋಷಕರ ಆಕ್ಷೇಪಣೆಗಳನ್ನು ನಾವು ಅರಿಯದವರಲ್ಲ. "ಊರಲ್ಲಿ ಗೊತ್ತಾದರೆ ಮಾನ ಹೋಗುತ್ತದೆ, ನಾಳೆ ಮದುವೆಯಾಗುವುದು ಹೇಗೆ?" ಎನ್ನುತ್ತಾರೆ. ಹಳ್ಳಿಯ ಬಾಯಿ ಎಂಥದೆಂಬುದು ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೂ ಗೊತ್ತು. ಆದರೆ ಮನೆಯ ಹೊಸ್ತಿಲಲ್ಲಿ ಸರ ಕಿತ್ತುಕೊಂಡು ಹೋದರೆ ಮಾನ ಹೋಯಿತೆಂದು ಯಾರೂ ದೂರು ಕೊಡದೆ ಇರುವುದಿಲ್ಲ, ಕಳ್ಳನಿಗೆ ನಾಚಿಕೆಯಾಗಬೇಕೆನ್ನುತ್ತೇವೆ. ಇಲ್ಲಿಯೂ ಅದೇ ನ್ಯಾಯ. ಸಂತ್ರಸ್ತ ಮಗುವಿನ ಹೆಸರನ್ನೋ ಗುರುತನ್ನೋ ಪತ್ರಿಕೆಯಲ್ಲಿ ಪ್ರಕಟಿಸುವುದನ್ನು ಕಾನೂನು ನಿಷೇಧಿಸಿದೆ. ಗುಟ್ಟು ಹೊರಬೀಳುವುದು ಹೆಚ್ಚಾಗಿ ನೆಂಟರಿಷ್ಟರ ನಾಲಗೆಯಿಂದ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಯೇ ಇದೆ.

"ಹುಡುಗಿಯು ಸುಳ್ಳು ಹೇಳಿದ್ದರೆ?" ಎಂದು ಕೇಳುವವರುಂಟು. ನಿಜವೋ ಸುಳ್ಳೋ ಎಂಬುದನ್ನು ತೀರ್ಮಾನಿಸುವ ಭಾರ ತಾಯಿಯದಲ್ಲ, ಶಾಲೆಯದೂ ಅಲ್ಲ, ಪೊಲೀಸರದು, ನ್ಯಾಯಾಲಯದ್ದು. ನಮ್ಮ ಕೆಲಸ ಕೇಳುವುದು, ತಿಳಿಸುವುದು, ಜೊತೆಗಿರುವುದು. 2023ರ ಜನವರಿಯಲ್ಲಿ ರಿಯೋ ಒಲಿಂಪಿಕ್ಸಿನ ಪದಕ ವಿಜೇತೆ ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಮೊದಲಾದ ಕುಸ್ತಿಪಟುಗಳು ತಮ್ಮ ಸಂಘದ ಅಧ್ಯಕ್ಷನ ಮೇಲೆ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರಿನಲ್ಲಿ ಬೀದಿಯಲ್ಲಿ ಕುಳಿತರು. ಆ ವಿವಾದದ ತೀರ್ಪು ನ್ಯಾಯಾಲಯಕ್ಕೆ ಸೇರಿದ್ದು, ಅದರಲ್ಲಿ ನಾವು ತಲೆಹಾಕುವುದಿಲ್ಲ. ಆದರೆ ದೇಶಕ್ಕೆ ಪದಕ ತಂದವರೇ ತಮ್ಮ ಮಾತನ್ನು ಕೇಳಿಸುವುದಕ್ಕೆ ಬೀದಿಯಲ್ಲಿ ಕೂಡಬೇಕಾದರೆ, ಹಳ್ಳಿಯ ಹದಿಮೂರು ವರ್ಷದ ಹುಡುಗಿಯ ದನಿ ಎಲ್ಲಿಗೆ ತಲುಪೀತು? ಮನೆಯ ಬಾಗಿಲನ್ನಾದರೂ ಅದು ದಾಟಬೇಕಾದರೆ ಒಬ್ಬರಾದರೂ ದೊಡ್ಡವರು ಅವಳ ಜೊತೆಗಿರಬೇಕು.

ಹೇಳಿಕೊಂಡ ದಿನ ಮಾಡಬೇಕಾದದ್ದೇನು? ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಕೆಳಗಿಟ್ಟು ಬಂದು ಕುಳಿತು ಕೇಳಬೇಕು. "ಏಕೆ ಹೋದೆ, ಏಕೆ ಸುಮ್ಮನಿದ್ದೆ" ಎಂಬ ಪ್ರಶ್ನೆಗಳನ್ನು ನುಂಗಿಕೊಳ್ಳಬೇಕು. "ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಎಂಬಿಷ್ಟು ಮಾತು ಸಾಕು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಫೋನಿನಲ್ಲಿರುವ ಸಂದೇಶಗಳನ್ನು ಕೋಪದಿಂದ ಅಳಿಸಿಬಿಡಬಾರದು, ಅವು ಸಾಕ್ಷ್ಯ. ತರಬೇತುದಾರನ ಮನೆಗೆ ನುಗ್ಗುವುದೂ ಊರ ಹಿರಿಯರನ್ನು ಸೇರಿಸಿ ಪಂಚಾಯಿತಿ ಮಾಡಿಸುವುದೂ ಕೂಡದು. ಪೊಲೀಸರಿಗೆ ತಿಳಿಸಬೇಕು, ಅಥವಾ 1098 ಎಂಬ ಮಕ್ಕಳ ಸಹಾಯವಾಣಿಗೆ ಕರೆಮಾಡಬೇಕು. ಘಟನೆ ನಡೆದು ಹೆಚ್ಚು ಕಾಲವಾಗಿಲ್ಲದಿದ್ದರೆ ವೈದ್ಯಕೀಯ ಪರೀಕ್ಷೆಗೆ ತಡಮಾಡಬಾರದು.

ಠಾಣೆಯೆಂದರೆ ಹೆದರುವ ತಾಯಂದಿರು ಇದನ್ನು ತಿಳಿದಿರಲಿ. 2012ರಲ್ಲಿ ಜಾರಿಗೆ ಬಂದ, ಪೋಕ್ಸೊ ಎಂದು ಕರೆಯಲ್ಪಡುವ ಮಕ್ಕಳ ರಕ್ಷಣೆಯ ಕಾಯಿದೆಯ ಪ್ರಕಾರ 18 ವರ್ಷದೊಳಗಿನ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದ ಸ್ಥಳದಲ್ಲಿಯೋ ಪಡೆಯಬೇಕು. ಸಾಧ್ಯವಾದಮಟ್ಟಿಗೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿ ಬರಕೂಡದು. ರಾತ್ರಿಯ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಿನ ಪರೀಕ್ಷೆಯನ್ನು ಲೇಡಿ ಡಾಕ್ಟರರೇ ಮಾಡಬೇಕು. ಸಾಕ್ಷ್ಯ ಹೇಳುವಾಗ ಆರೋಪಿಯು ಅವಳ ಕಣ್ಣಿಗೆ ಬೀಳದಂತೆ ನ್ಯಾಯಾಲಯವು ನೋಡಿಕೊಳ್ಳಬೇಕು. ನಂಬಿಕೆಯ ಅಥವಾ ಅಧಿಕಾರದ ಸ್ಥಾನದಲ್ಲಿರುವವನು ಇಂಥ ಅಪರಾಧ ಮಾಡಿದರೆ ಕಾನೂನು ಅದನ್ನು ಇನ್ನೂ ಘೋರವೆಂದೆಣಿಸಿ ಹೆಚ್ಚಿನ ಶಿಕ್ಷೆ ವಿಧಿಸುತ್ತದೆ. ತಿಳಿದೂ ತಿಳಿಸದಿರುವುದು ಕೂಡ ಅಪರಾಧವೇ. ತನ್ನ ಕೈಕೆಳಗಿನವನು ಮಾಡಿದ್ದನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಉಂಟು. ಈ ಮಾತು ನಮ್ಮ ಕುರ್ಚಿಗೂ ಅನ್ವಯಿಸುತ್ತದೆ, ಅನ್ವಯಿಸುವುದೇ ಯುಕ್ತ.

ಇನ್ನು ಚೇತರಿಕೆಯ ಮಾತು. ಮೊಕದ್ದಮೆ ದಾಖಲಾದ ಮಾತ್ರಕ್ಕೆ ಮಗುವಿಗೆ ವಾಸಿಯಾಗುವುದಿಲ್ಲ. ರಾತ್ರಿ ಬೆಚ್ಚಿ ಏಳುವುದು, ಊಟ ಸೇರದಿರುವುದು, ಕಾರಣವಿಲ್ಲದೆ ತಾಯಿಯ ಮೇಲೆ ರೇಗುವುದು, ಯಾರಾದರೂ ಹಿಂದಿನಿಂದ ಬಂದು ಭುಜ ಮುಟ್ಟಿದರೆ ನಡುಗುವುದು, ಇವೆಲ್ಲ ತಿಂಗಳುಗಟ್ಟಲೆ ಇದ್ದಾವು. ಕೆಲವು ಮಕ್ಕಳಿಗೆ ಆ ದುಷ್ಟನ ಮೇಲೆಯೇ ಕನಿಕರ ಬರುತ್ತದೆ. ಅವನು ಕಲಿಸಿದ್ದನ್ನು ನೆನೆದು ಅಳುತ್ತವೆ. ಅದಕ್ಕಾಗಿ ಅವರನ್ನು ಬಯ್ಯಬಾರದು. ಇದು ಹುಚ್ಚಲ್ಲ, ಗ್ರಹಚಾರವೂ ಅಲ್ಲ. ಗಾಯ ಮಾಯುವ ರೀತಿ. ಮನಸ್ಸಿನ ವೈದ್ಯರಿಂದಲೂ ಆಪ್ತಸಮಾಲೋಚಕರಿಂದಲೂ ಸಹಾಯವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಮನೆಯಿಂದಲೇ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಬಯಲಿಗೆ ಮರಳುವ ದಿನವನ್ನು ಅವಳೇ ಗೊತ್ತುಮಾಡಲಿ. ಮೊದಲ ದಿನ ಬರಿದೆ ಬಂದು ಕಲ್ಲಿನ ಮೇಲೆ ಕುಳಿತು ನೋಡಿದರೂ ಸರಿಯೆ. ಅವಳ ಅಪ್ಪಣೆಯಿಲ್ಲದೆ ಯಾರೂ ಅವಳನ್ನು ಮುಟ್ಟಿ ತಿದ್ದಬಾರದು, ಬೇಡವೆಂದರೆ ಬೇಡ. ಯಾವ ಶಿಕ್ಷಕಿಯ ಬಳಿ ಕಲಿಯಬೇಕೆಂಬುದನ್ನು ಅವಳೇ ಹೇಳಲಿ. ಕೊನೆಗೆ ಅವಳು "ಈ ಆಟ ನನಗೆ ಬೇಡ, ಚಿತ್ರ ಬರೆಯುತ್ತೇನೆ" ಎಂದರೂ ಒಳ್ಳೆಯದೇ. ಪದಕ ಗೆದ್ದರೆ ಮಾತ್ರ ಚೇತರಿಸಿಕೊಂಡಂತೆ ಎಂದು ನಾವು ಹೇಳುವುದಿಲ್ಲ. ತನ್ನ ಮೈಯ ವಿಷಯದಲ್ಲಿ ಬೇಕು ಬೇಡಗಳನ್ನು ಹೇಳುವ ಅಧಿಕಾರವು ಅವಳಿಗೆ ಮರಳಿ ಬಂದಿತೆ ಎಂಬುದೇ ನೋಡಬೇಕಾದದ್ದು. ದಕ್ಷಿಣ ಕೊರಿಯದ ಕಿಮ್ ಉನ್ ಹೀ ಎಂಬ ಟೆನಿಸ್ ಆಟಗಾರ್ತಿಯು ಹತ್ತನೆಯ ವಯಸ್ಸಿನಲ್ಲಿ ತರಬೇತುದಾರನಿಂದ ಅತ್ಯಾಚಾರಕ್ಕೊಳಗಾದವಳು. 2016ರಲ್ಲಿ ಪಂದ್ಯವೊಂದರಲ್ಲಿ ಆ ಮನುಷ್ಯನನ್ನು ಮತ್ತೆ ಕಂಡು, ದೂರು ಕೊಟ್ಟು, 2017ರಲ್ಲಿ ಆತನಿಗೆ 10 ವರ್ಷಗಳ ಸೆರೆವಾಸವಾಗುವಂತೆ ಮಾಡಿದಳು. ಆಮೇಲೆ ಅವಳು ಕೈಗೊಂಡದ್ದು ಮಕ್ಕಳಿಗೆ ಟೆನಿಸ್ ಕಲಿಸುವ ಕೆಲಸ. ಇದೂ ಒಂದು ಗೆಲುವೇ.

ಮಾತು ಹೇಳಿ ಸುಮ್ಮನಾಗುವುದು ಸರಿಯಲ್ಲವಾದುದರಿಂದ ನಮ್ಮ ಶಾಲೆಯಲ್ಲಿ ನಾವು ಇಟ್ಟುಕೊಂಡಿರುವ ಕಟ್ಟಳೆಗಳನ್ನೂ ಇಲ್ಲಿ ಬರೆಯುತ್ತೇವೆ. ಒಬ್ಬಳೇ ಹುಡುಗಿಗೆ ಒಬ್ಬನೇ ತರಬೇತುದಾರನು ಎಲ್ಲಿಯೂ ಅಭ್ಯಾಸ ಮಾಡಿಸತಕ್ಕದ್ದಲ್ಲ. ಹೊರಗಿನ ಪಂದ್ಯಕ್ಕೂ ಶಿಬಿರಕ್ಕೂ ಒಬ್ಬ ಉಪಾಧ್ಯಾಯಿನಿ ಜೊತೆಗೆ ಹೋಗಿ ಅಲ್ಲಿಯೇ ಉಳಿಯತಕ್ಕದ್ದು. ತರಬೇತುದಾರರ ಸಂದೇಶಗಳು ತಾಯಿತಂದೆಗಳಿಗೇ ಹೊರತು ಮಕ್ಕಳ ಫೋನಿಗೆ ಹೋಗಕೂಡದು. ಅಭ್ಯಾಸದ ಹೊತ್ತಿನಲ್ಲಿ ಪೋಷಕರು ಯಾವಾಗ ಬೇಕಾದರೂ ಬಂದು ನೋಡಬಹುದು. ನೋಡಕೂಡದೆನ್ನುವ ತರಬೇತುದಾರನು ನಮಗೆ ಬೇಡ. ಇವೆಲ್ಲಕ್ಕಿಂತ ಹೆಚ್ಚಾಗಿ, ಆಟ ಬಿಡುತ್ತೇನೆಂದು ಬರುವ ಪ್ರತಿಯೊಬ್ಬ ಹುಡುಗಿಯನ್ನೂ ಕುಳ್ಳಿರಿಸಿ, "ಏಕಮ್ಮ?" ಎಂದು ಕೇಳದೆ ಹೆಸರು ಹೊಡೆಯುವುದಿಲ್ಲ. ಈ ಕಡೆಯ ಕಟ್ಟಳೆಯನ್ನು ನಾವು ಕಲಿತದ್ದು ತಡವಾಗಿ. ಅದರ ಬೆಲೆಯನ್ನು ತೆತ್ತವಳು ಬೇರೊಬ್ಬಳು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮಲ್ಲಿ ಯಾರಾದರೂ ಇಂಥ ಭಾರವನ್ನು ಇಷ್ಟು ವರ್ಷಗಳಿಂದ ಒಬ್ಬರೇ ಹೊತ್ತಿದ್ದರೆ, ಅದು ಎಷ್ಟು ಹಳೆಯದಾದರೂ, ನಮ್ಮ ಕೊಠಡಿಯ ಬಾಗಿಲು ತೆರೆದಿದೆ. ಆಗ ಕೇಳದೆ ಹೋದ ನಾವು ಈಗಲಾದರೂ ಕೇಳುತ್ತೇವೆ. ತಾಯಿತಂದೆಗಳೇ, ಇಂದು ಸಂಜೆ ಮನೆಗೆ ಹೋದ ಮೇಲೆ ಮಗಳಿಗೆ ಒಂದು ಮಾತು ಹೇಳಿರಿ: "ಏನೇ ಆದರೂ ನಮ್ಮ ಹತ್ತಿರ ಹೇಳು, ನಿನ್ನ ಆಟ ಬಿಡಿಸುವುದಿಲ್ಲ." ಅವಳಿಗೆ ಏನೂ ಆಗಿರದಿದ್ದರೂ ಹೇಳಿರಿ. ಆಗುವುದಕ್ಕೆ ಮುಂಚೆ ಕೇಳಿಸಿಕೊಂಡ ಮಾತೇ ಆದಾಗ ಅವಳ ನೆನಪಿಗೆ ಬರುವುದು.

ನಾವು ಮೇಲೆ ಹೇಳಿದ ಆ ತಾಯಿಯ ಮಗಳು ಈ ವರ್ಷ ತಾಲ್ಲೂಕು ಮಟ್ಟದ ಓಟದಲ್ಲಿ ಎರಡನೆಯವಳಾಗಿ ಬಂದಳು. ಬಯಲಿನ ಅಂಚಿನಲ್ಲಿ, ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಹೊದ್ದು, ಅವಳ ತಾಯಿ ನಿಂತಿದ್ದಳು. ಓಟ ಮುಗಿದ ಮೇಲೆ ಮಗಳು ಬಿಚ್ಚಿ ಕೊಟ್ಟ ಬೂಟುಗಳನ್ನು ಆಕೆ ತನ್ನ ಸೆರಗಿನಲ್ಲಿಯೇ ಒರೆಸಿ ಚೀಲಕ್ಕೆ ಹಾಕಿಕೊಂಡಳು. "ಬರೋ ವರ್ಷ ಮೊದಲನೆಯವಳು ಇವಳೇ ಮಿಸ್" ಎಂದಳು. ಹಾಗೆಯೇ ಆಗಲಿ.